ಕಾರಿನ ಚಕ್ರಗಳ ಸದ್ದು ಮತ್ತು ಕಂಪನ: ತಪಾಸಣೆಗೆ ಮುನ್ನ ವಾಹನ ಮಾಲೀಕರು ತಿಳಿದಿರಬೇಕಾದ ಅಂಶಗಳು

ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳ ವಾಹನ ಮಾಲೀಕರ ಹಾಗೂ ಚಾಲಕರ ಮಾಹಿತಿಗಾಗಿ

ಪೀಠಿಕೆ

ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳಲ್ಲಿ ವಾಸವಿದ್ದು ಸ್ವಂತ ಉಪಯೋಗದ ಕಾರನ್ನಾಗಲಿ, ಬಾಡಿಗೆಯ ಟ್ಯಾಕ್ಸಿಯನ್ನಾಗಲಿ ಹೊಂದಿರುವವರು ನೋಂದಣಿ ನವೀಕರಣಕ್ಕೆ ಅಥವಾ ಅರ್ಹತಾ ಪತ್ರಕ್ಕೆ (ಎಫ್.ಸಿ.) ಅರ್ಜಿ ಸಲ್ಲಿಸುವ ಮುನ್ನ ತಮ್ಮ ವಾಹನದ ಚಕ್ರಗಳನ್ನು ತಾವೇ ಒಮ್ಮೆ ಪರಿಶೀಲಿಸಿಕೊಳ್ಳಲು ಅನುಕೂಲವಾಗುವಂತೆ ಈ ಮಾಹಿತಿಯನ್ನು ನೀಡಲಾಗಿದೆ. ಈ ಮೂರೂ ತಾಲ್ಲೂಕುಗಳು ಚಾಮರಾಜನಗರದ ಪ್ರಾದೇಶಿಕ ಸಾರಿಗೆ ಕಚೇರಿಯ (ಕೆ.ಎ.-10) ವ್ಯಾಪ್ತಿಗೆ ಒಳಪಡುತ್ತವೆ.

ತಪಾಸಣೆಯ ದಿನ ವಾಹನ ಉತ್ತೀರ್ಣವಾಗುವುದಷ್ಟೇ ಇದರ ಉದ್ದೇಶವಲ್ಲ. ಮೋಟಾರು ವಾಹನಗಳ ಕಾಯ್ದೆ, 1988ರ ಪ್ರಕರಣ 190(1)ರ ಪ್ರಕಾರ, ಇತರರಿಗೆ ಅಪಾಯ ಉಂಟುಮಾಡುವಂತಹ ದೋಷವಿರುವ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಚಲಾಯಿಸುವುದು ಅಪರಾಧವಾಗಿದೆ. ದೋಷ ತನಗೆ ತಿಳಿದಿರಲಿಲ್ಲವೆಂದು ಹೇಳಿದ ಮಾತ್ರಕ್ಕೆ ಹೊಣೆ ತಪ್ಪುವುದಿಲ್ಲ. ಸಾಧಾರಣ ಎಚ್ಚರಿಕೆ ವಹಿಸಿದ್ದರೆ ಆ ದೋಷ ತಿಳಿಯಬಹುದಾಗಿತ್ತೇ ಎಂಬುದನ್ನೂ ಕಾಯ್ದೆಯು ಪರಿಗಣಿಸುತ್ತದೆ. ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ನಂತರ ಇದಕ್ಕೆ ರೂ. 1,500 ದಂಡವಿದ್ದು, ಅಂತಹ ದೋಷದಿಂದ ಅಪಘಾತ ಸಂಭವಿಸಿ ದೇಹಕ್ಕೆ ಗಾಯವಾದಲ್ಲಿ ಅಥವಾ ಸ್ವತ್ತಿಗೆ ಹಾನಿಯಾದಲ್ಲಿ ಮೂರು ತಿಂಗಳವರೆಗಿನ ಕಾರಾವಾಸ ಅಥವಾ ರೂ. 5,000 ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ವಾರಗಟ್ಟಲೆ ಗೊರಗುಟ್ಟುತ್ತಿದ್ದ ಚಕ್ರದ ಬಗ್ಗೆ ತನಗೇನೂ ತಿಳಿಯದೆಂದು ಹೇಳುವುದು ಕಷ್ಟ.

ಈ ಭಾಗದ ರಸ್ತೆಗಳ ಸ್ವರೂಪವನ್ನೂ ಇಲ್ಲಿ ನೆನೆಯಬೇಕಾಗುತ್ತದೆ. ಹನೂರಿನಿಂದ ಕೌದಳ್ಳಿ ಮಾರ್ಗವಾಗಿ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ರಸ್ತೆಯು ತಾಳುಬೆಟ್ಟದಿಂದ ಮುಂದೆ ಕಡಿದಾದ ತಿರುವುಗಳಿಂದ ಕೂಡಿದೆ. ಯಳಂದೂರಿನಿಂದ ಗುಂಬಳ್ಳಿ ಮಾರ್ಗವಾಗಿ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವ ರಸ್ತೆಯು ಅರಣ್ಯದ ನಡುವೆ ಏರುತ್ತದೆ. ಮಹಾಶಿವರಾತ್ರಿ, ಯುಗಾದಿ ಮತ್ತು ದೀಪಾವಳಿಯ ಜಾತ್ರೆಗಳಲ್ಲಿ ಮಹದೇಶ್ವರ ಬೆಟ್ಟದ ರಸ್ತೆಯಲ್ಲಿ ವಾಹನಗಳ ಸಾಲಿನ ಪಕ್ಕದಲ್ಲಿಯೇ ಭಕ್ತಾದಿಗಳು ಕಾಲ್ನಡಿಗೆಯಲ್ಲಿ ಸಾಗುತ್ತಿರುತ್ತಾರೆ. ಬಯಲಿನಲ್ಲಿ ಕೇವಲ ಕಿರಿಕಿರಿ ಎನಿಸುವ ದೋಷವು ಇಳಿಜಾರಿನ ತಿರುವಿನಲ್ಲಿ ಪ್ರಾಣಕ್ಕೆ ಸಂಬಂಧಿಸಿದ ವಿಷಯವಾಗುತ್ತದೆ.

ಮೊದಲು ಗಮನಿಸಬೇಕಾದುದು: ಸದ್ದು ಯಾವಾಗ ಬರುತ್ತದೆ?

ವಾಹನ ಮಾಲೀಕರು ಸಾಮಾನ್ಯವಾಗಿ ಸದ್ದನ್ನು ಅನುಕರಿಸಿ ತೋರಿಸಲು ಪ್ರಯತ್ನಿಸುತ್ತಾರೆ. ಗುಂಯ್ ಎನ್ನುತ್ತದೆ, ಕಟಕಟ ಎನ್ನುತ್ತದೆ, ಕಿರ್ ಎನ್ನುತ್ತದೆ ಎಂಬ ವಿವರಣೆಯಿಂದ ಮೆಕ್ಯಾನಿಕ್‌ಗೆ ದೊರೆಯುವ ನೆರವು ಅಲ್ಪ. ಅದೇ ಸದ್ದು ಯಾವ ಸಂದರ್ಭದಲ್ಲಿ ಹುಟ್ಟುತ್ತದೆ, ಯಾವಾಗ ಹೆಚ್ಚುತ್ತದೆ, ಯಾವಾಗ ನಿಲ್ಲುತ್ತದೆ ಎಂಬುದನ್ನು ತಿಳಿಸಿದರೆ ದೋಷದ ಜಾಗ ಬಹುಮಟ್ಟಿಗೆ ಗೊತ್ತಾಗುತ್ತದೆ. ವೇಗದೊಂದಿಗೆ ಬರುವ ಸದ್ದು ಬೇರೆ, ತಿರುವಿನಲ್ಲಿ ಬರುವುದು ಬೇರೆ, ಬ್ರೇಕ್ ಒತ್ತಿದಾಗ ಬರುವುದು ಬೇರೆ, ಹಂಪ್ ದಾಟಿದಾಗ ಬರುವುದು ಬೇರೆ. ಈ ಒಂದು ಭೇದವನ್ನು ತಿಳಿಯದೆ ಟೈರು ಬದಲಿಸಿ, ನಂತರ ಬೇರಿಂಗ್ ಬದಲಿಸಿ, ಕೊನೆಗೆ ಶಾಕ್ ಅಬ್ಸಾರ್ಬರ್ ಬದಲಿಸಿ ಹಣ ಕಳೆದುಕೊಳ್ಳುವ ಸಂದರ್ಭಗಳು ಹೆಚ್ಚು.

ಪರೀಕ್ಷೆಗೆ ಹೊರಡುವ ಮುನ್ನ ಪ್ಲಾಸ್ಟಿಕ್ ವೀಲ್ ಕಪ್‌ಗಳನ್ನು ತೆಗೆದಿಡುವುದು. ಕೊಂಡಿ ಮುರಿದ ವೀಲ್ ಕಪ್ ಮಾಡುವ ಸದ್ದು ಹಲವು ಬಾರಿ ಚಕ್ರವೇ ಕಳಚುತ್ತಿದೆಯೇನೋ ಎಂಬಂತೆ ಕೇಳಿಸುತ್ತದೆ. ಡಿಕ್ಕಿಯಲ್ಲಿರುವ ಜ್ಯಾಕ್, ಸ್ಟೆಪ್ನಿ ಮುಂತಾದವು ಅಲುಗಾಡದಂತೆ ಭದ್ರಪಡಿಸುವುದು. ನಾಲ್ಕೂ ಟೈರುಗಳಲ್ಲಿ, ಅವು ತಣ್ಣಗಿರುವಾಗ, ಚಾಲಕನ ಬಾಗಿಲ ಬಳಿಯ ಪಟ್ಟಿಯಲ್ಲಿ ಅಥವಾ ಮಾಲೀಕರ ಕೈಪಿಡಿಯಲ್ಲಿ ಸೂಚಿಸಿರುವ ಪ್ರಮಾಣದ ಗಾಳಿ ತುಂಬಿಸುವುದು. ಗಾಜುಗಳನ್ನು ಇಳಿಸಿ, ರೇಡಿಯೋ ನಿಲ್ಲಿಸಿ, ವಾಹನ ಸಂಚಾರ ವಿರಳವಾಗಿರುವ ನೇರ ರಸ್ತೆಯಲ್ಲಿ ಪರೀಕ್ಷಿಸತಕ್ಕದ್ದು. ಮತ್ತೊಬ್ಬರನ್ನು ಹಿಂದಿನ ಆಸನದಲ್ಲಿ ಕುಳ್ಳಿರಿಸಿಕೊಂಡಲ್ಲಿ ಸದ್ದು ಮುಂದಿನದೋ ಹಿಂದಿನದೋ ಎಂಬುದು ಬೇಗ ನಿರ್ಧಾರವಾಗುತ್ತದೆ.

ಸದ್ದು ಎಂಜಿನ್ನಿನದೋ ಚಕ್ರದ್ದೋ ಎಂಬ ಅನುಮಾನವಿದ್ದಲ್ಲಿ, ಒಂದೇ ವೇಗದಲ್ಲಿ ಸಾಗುತ್ತಾ ಗೇರ್ ಮಾತ್ರ ಬದಲಿಸಿ ನೋಡಬಹುದು. ಉದಾಹರಣೆಗೆ ಗಂಟೆಗೆ 50 ಕಿ.ಮೀ. ವೇಗದಲ್ಲಿ ನಾಲ್ಕನೆಯ ಗೇರಿನಿಂದ ಮೂರನೆಯ ಗೇರಿಗೆ ಬಂದಾಗ ಎಂಜಿನ್ನಿನ ಸುತ್ತು ಹೆಚ್ಚುತ್ತದೆ, ಚಕ್ರದ ಸುತ್ತು ಬದಲಾಗುವುದಿಲ್ಲ. ಸದ್ದು ಮೊದಲಿನಂತೆಯೇ ಇದ್ದರೆ ಅದು ಚಕ್ರದ ಕಡೆಯದು. ಇಳಿಜಾರಿನಲ್ಲಿ ಗೇರನ್ನು ನ್ಯೂಟ್ರಲ್‌ಗೆ ತಂದು ಈ ಪರೀಕ್ಷೆ ಮಾಡುವುದನ್ನು ಕಡ್ಡಾಯವಾಗಿ ನಿಷೇಧಿಸಿಕೊಳ್ಳತಕ್ಕದ್ದು.

ಚಕ್ರದ ಸುತ್ತನ್ನು ಎಣಿಸುವುದೂ ಉಪಯುಕ್ತ. 155/80 ಆರ್ 13 ಅಳತೆಯ ಸಣ್ಣ ಕಾರಿನ ಟೈರು ಒಂದು ಸುತ್ತಿಗೆ ಸುಮಾರು 1.8 ಮೀಟರ್ ಕ್ರಮಿಸುತ್ತದೆ. ಅಂದರೆ ಗಂಟೆಗೆ 20 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ ಸುಮಾರು 3 ಬಾರಿ ಸುತ್ತುತ್ತದೆ. ಆ ವೇಗದಲ್ಲಿ ಸೆಕೆಂಡಿಗೆ ಮೂರು ಬಾರಿ ಟಿಕ್ ಟಿಕ್ ಎಂದರೆ, ಪ್ರತಿ ಸುತ್ತಿಗೊಮ್ಮೆ ನೆಲಕ್ಕೆ ತಾಗುವ ಏನೋ ಒಂದು ಟೈರಿನಲ್ಲಿದೆ ಎಂದರ್ಥ. ಅದು ಬಹುಪಾಲು ಜಲ್ಲಿಕಲ್ಲಿನ ಚೂರು ಅಥವಾ ಮೊಳೆ. ಮೊಳೆಯಾದಲ್ಲಿ ದಾರಿಯಲ್ಲಿಯೇ ಕೀಳದೆ ಪಂಕ್ಚರ್ ಅಂಗಡಿಯವರೆಗೆ ನಿಧಾನವಾಗಿ ಕೊಂಡೊಯ್ಯುವುದು ಲೇಸು.

ವೇಗದೊಂದಿಗೆ ಏರುವ ಗುಂಯ್‌ಗುಟ್ಟುವಿಕೆ: ಟೈರೋ, ಬೇರಿಂಗೋ?

ಮಾಲೀಕರನ್ನು ಅತಿ ಹೆಚ್ಚು ದಾರಿ ತಪ್ಪಿಸುವ ಸದ್ದು ಇದಾಗಿದೆ. ಸವೆದ ಟೈರು ಮತ್ತು ಕೆಟ್ಟ ವೀಲ್ ಬೇರಿಂಗ್ ಎರಡೂ ವೇಗ ಹೆಚ್ಚಿದಂತೆ ಏರುವ ಒಂದೇ ಬಗೆಯ ಗುಂಯ್‌ಕಾರವನ್ನು ಹೊರಡಿಸುತ್ತವೆ. ಇವನ್ನು ಬೇರ್ಪಡಿಸಲು ಎರಡು ಸರಳ ವಿಧಾನಗಳಿವೆ.

ಮೊದಲನೆಯದು ರಸ್ತೆಯ ಮೇಲ್ಮೈ. ಡಾಂಬರು ರಸ್ತೆಯಿಂದ ಗ್ರಾಮದೊಳಗಿನ ಕಾಂಕ್ರೀಟ್ ರಸ್ತೆಗೆ ಪ್ರವೇಶಿಸಿದಾಗ, ಅಥವಾ ಒರಟು ಡಾಂಬರಿನಿಂದ ಹೊಸದಾಗಿ ಹಾಕಿದ ನುಣುಪು ಡಾಂಬರಿಗೆ ಬಂದಾಗ, ಅದೇ ವೇಗದಲ್ಲಿ ಸದ್ದಿನ ಸ್ವರ ಬದಲಾದರೆ ಅದು ಟೈರಿನ ಸದ್ದು. ರಸ್ತೆ ಬದಲಾದರೂ ಸದ್ದು ಬದಲಾಗದಿದ್ದಲ್ಲಿ ಬೇರಿಂಗನ್ನು ಅನುಮಾನಿಸಬೇಕು.

ಎರಡನೆಯದು ತಿರುವು. ವಾಹನ ಎಡಕ್ಕೆ ತಿರುಗುವಾಗ ಅದರ ಭಾರ ಬಲಗಡೆಯ ಚಕ್ರಗಳ ಮೇಲೆ ಬೀಳುತ್ತದೆ. ಬಲಕ್ಕೆ ತಿರುಗುವಾಗ ಎಡಗಡೆಯ ಚಕ್ರಗಳ ಮೇಲೆ. ಉದ್ದವಾದ, ಹಗುರ ತಿರುವಿನಲ್ಲಿ ಸಾಧಾರಣ ವೇಗದಲ್ಲಿ ಸಾಗುವಾಗ, ಎಡಕ್ಕೆ ತಿರುಗಿದಾಗ ಗುಂಯ್‌ಕಾರ ಹೆಚ್ಚಿ ಬಲಕ್ಕೆ ತಿರುಗಿದಾಗ ಕಡಿಮೆಯಾದರೆ ಬಲಗಡೆಯ ಬೇರಿಂಗ್ ಕೆಟ್ಟಿರುವ ಸಂಭವ ಹೆಚ್ಚು. ಇದು ಬಹುತೇಕ ಸರಿಯಾಗಿಯೇ ಸೂಚಿಸುತ್ತದೆ. ಆದರೂ ಬೇರಿಂಗ್ ಬಿಚ್ಚಿಸುವ ಮುನ್ನ ಜ್ಯಾಕ್ ಹಾಕಿ ಖಚಿತಪಡಿಸಿಕೊಳ್ಳತಕ್ಕದ್ದು.

ಸಮತಟ್ಟಾದ ಗಟ್ಟಿ ನೆಲದಲ್ಲಿ ವಾಹನವನ್ನು ನಿಲ್ಲಿಸಿ, ನೆಲದ ಮೇಲೆಯೇ ಉಳಿಯುವ ಚಕ್ರಗಳಿಗೆ ಮುಂದೂ ಹಿಂದೂ ಕಲ್ಲು ಅಥವಾ ಮರದ ತುಂಡು ಒತ್ತುಕೊಟ್ಟು, ಒಂದೊಂದೇ ಚಕ್ರವನ್ನು ಮೇಲೆತ್ತುವುದು. ಮುಂದಿನ ಚಕ್ರ ಎತ್ತುವಾಗ ಹ್ಯಾಂಡ್ ಬ್ರೇಕ್ ಹಾಕಿ ಗೇರ್ ನ್ಯೂಟ್ರಲ್‌ನಲ್ಲಿರಲಿ. ಮುಂದಿನ ಚಕ್ರಗಳಿಂದ ಚಲಿಸುವ ಕಾರಿನಲ್ಲಿ ಹಿಂದಿನ ಚಕ್ರ ಎತ್ತುವಾಗ ವಾಹನ ಗೇರಿನಲ್ಲಿದ್ದು ಹ್ಯಾಂಡ್ ಬ್ರೇಕ್ ಬಿಟ್ಟಿರಲಿ. ಯಾವುದೇ ಕಾರಣಕ್ಕೂ ಜ್ಯಾಕ್ ಮೇಲಿರುವ ವಾಹನದ ಅಡಿಗೆ ತಲೆಯನ್ನಾಗಲಿ ಕೈಕಾಲುಗಳನ್ನಾಗಲಿ ಚಾಚಬಾರದು. ಚಕ್ರವನ್ನು ಕೈಯಿಂದ ಸುತ್ತಿಸಿದಾಗ ಒಳಗೆ ಮರಳು ಅರೆದಂತೆ ಗರಗರ ಎನಿಸಿದರೆ ಬೇರಿಂಗ್ ಸವೆದಿದೆ. ನಂತರ ಗಡಿಯಾರದ 12 ಮತ್ತು 6ರ ಸ್ಥಾನಗಳಲ್ಲಿ ಟೈರನ್ನು ಹಿಡಿದು ಒಳಕ್ಕೂ ಹೊರಕ್ಕೂ ಅಲುಗಿಸಿ ನೋಡುವುದು. ಅಲುಗಾಟವಿದ್ದಲ್ಲಿ ಬೇರಿಂಗ್ ಅಥವಾ ಬಾಲ್ ಜಾಯಿಂಟ್ ಸಡಿಲವಾಗಿದೆ. 9 ಮತ್ತು 3ರ ಸ್ಥಾನಗಳಲ್ಲಿ ಮಾತ್ರ ಅಲುಗಾಟ ಕಂಡರೆ, ಮುಂದಿನ ಚಕ್ರವಾಗಿದ್ದಲ್ಲಿ, ಸ್ಟೀರಿಂಗಿನ ಟೈ ರಾಡ್ ಎಂಡ್ ನೋಡಿಸಬೇಕು. ಇವುಗಳಲ್ಲಿ ಯಾವುದೇ ಅಲುಗಾಟವಿದ್ದರೂ ದುರಸ್ತಿಯಾಗುವವರೆಗೆ ವಾಹನವನ್ನು ಬೆಟ್ಟಕ್ಕೆ ಒಯ್ಯಬಾರದು.

ಬೇರಿಂಗಿನ ದೋಷಕ್ಕೆ ಈ ಭಾಗದಲ್ಲಿ ಪ್ರವಾಹವೂ ಒಂದು ಕಾರಣವಾಗಿದೆ. 2019ರ ಆಗಸ್ಟ್ ತಿಂಗಳಿನಲ್ಲಿ ಕಾವೇರಿ ಉಕ್ಕಿ ಹರಿದಾಗ ಕೊಳ್ಳೇಗಾಲ ತಾಲ್ಲೂಕಿನ ದಾಸನಪುರ ಮೊದಲಾದ ನದೀತೀರದ ಗ್ರಾಮಗಳಿಗೆ ನೀರು ನುಗ್ಗಿತ್ತು. ಚಕ್ರದ ಮಧ್ಯಭಾಗದವರೆಗೆ ನೀರಿನಲ್ಲಿ ನಿಂತ ವಾಹನದ ಬೇರಿಂಗುಗಳಿಗೆ ಸೀಲಿನ ಮೂಲಕ ನೀರು, ಹೂಳು ಸೇರಿ, ಗ್ರೀಸ್ ಕೆಟ್ಟು, ಒಳಗೆ ತುಕ್ಕು ಹಿಡಿಯುತ್ತದೆ. ಸದ್ದು ಕೂಡಲೇ ಬಾರದೆ ಕೆಲವು ವಾರ ಅಥವಾ ತಿಂಗಳುಗಳ ನಂತರ ಆರಂಭವಾಗುವುದರಿಂದ ಮಾಲೀಕರು ಎರಡನ್ನೂ ಜೋಡಿಸಿ ನೋಡುವುದಿಲ್ಲ. ನೀರಿನಲ್ಲಿ ನಿಂತಿದ್ದ ಹಳೆಯ ಕಾರನ್ನು ಕೊಳ್ಳುವವರು ಮೇಲಿನ ಪರೀಕ್ಷೆಯನ್ನು ನಾಲ್ಕೂ ಚಕ್ರಗಳಿಗೆ ತಪ್ಪದೆ ಮಾಡಿಕೊಳ್ಳುವುದು.

ಸ್ಟೀರಿಂಗ್ ನಡುಗುವುದು

ಗಂಟೆಗೆ 70 ಕಿ.ಮೀ. ಸಮೀಪಿಸಿದಾಗ ಸ್ಟೀರಿಂಗ್ ನಡುಗಲಾರಂಭಿಸಿ, ವೇಗ ಇನ್ನಷ್ಟು ಹೆಚ್ಚಿದಾಗ ನಡುಕ ತಗ್ಗುವುದಾದರೆ ಅದು ಮುಂದಿನ ಚಕ್ರಗಳ ತೂಕದ ಅಸಮತೋಲನದ ಲಕ್ಷಣ. ನಡುಕ ಸ್ಟೀರಿಂಗಿಗಿಂತ ಆಸನದಲ್ಲಿ ಹೆಚ್ಚು ತಿಳಿದುಬಂದರೆ ಹಿಂದಿನ ಚಕ್ರಗಳನ್ನು ನೋಡಬೇಕು. ಕೊಳ್ಳೇಗಾಲದ ಮೂಲಕ ಹಾದುಹೋಗುವ ಬೆಂಗಳೂರು-ಕೊಯಮತ್ತೂರು ರಾಷ್ಟ್ರೀಯ ಹೆದ್ದಾರಿ 948ರಲ್ಲಾಗಲಿ, ಮೈಸೂರಿನ ಕಡೆಗಿನ ರಾಷ್ಟ್ರೀಯ ಹೆದ್ದಾರಿ 766ರಲ್ಲಾಗಲಿ ಇದು ಬೇಗ ಅನುಭವಕ್ಕೆ ಬರುತ್ತದೆ. ಹಳ್ಳಿಯ ರಸ್ತೆಯಲ್ಲಿ ಆ ವೇಗವೇ ಬಾರದ ಕಾರಣ ದೋಷ ಬಹುಕಾಲ ಅಡಗಿರಬಹುದು.

ಕೆಲವು ಗ್ರಾಂ ತೂಕದ ವ್ಯತ್ಯಾಸದಿಂದ ಏನಾದೀತು ಎಂದು ಕೇಳುವವರಿದ್ದಾರೆ. 13 ಇಂಚಿನ ರಿಮ್ಮಿನ ಅಂಚಿನಲ್ಲಿ 20 ಗ್ರಾಂ ವ್ಯತ್ಯಾಸವಿದ್ದು, ವಾಹನ ಗಂಟೆಗೆ 80 ಕಿ.ಮೀ. ವೇಗದಲ್ಲಿದ್ದರೆ, ಆ 20 ಗ್ರಾಂ ಸುಮಾರು ಎರಡು ಕಿಲೋಗ್ರಾಂ ಭಾರದಷ್ಟು ಬಲದಿಂದ ಚಕ್ರವನ್ನು ಎಳೆಯುತ್ತದೆ. ಅದೂ ಸೆಕೆಂಡಿಗೆ 12 ಬಾರಿ ದಿಕ್ಕು ತಿರುಗಿಸುತ್ತಾ. 100 ಕಿ.ಮೀ. ವೇಗದಲ್ಲಿ ಈ ಎಳೆತ ಸುಮಾರು ಮೂರು ಕಿಲೋಗ್ರಾಂಗೆ ಏರುತ್ತದೆ. ಬೇರಿಂಗು, ಟೈ ರಾಡ್ ಎಂಡ್ ಮತ್ತು ರಬ್ಬರ್ ಬುಷ್‌ಗಳು ಅಕಾಲದಲ್ಲಿ ಸವೆಯಲು ಇಷ್ಟು ಸಾಕು.

ಆದರೆ ವೀಲ್ ಬ್ಯಾಲೆನ್ಸಿಂಗ್ ಮಾಡಿಸಲು ಹಣ ತೆರುವ ಮುನ್ನ ರಿಮ್ಮಿನ ಒಳಭಾಗವನ್ನು ನೋಡತಕ್ಕದ್ದು. ಕಬಿನಿ ನಾಲೆಯ ನೀರಾವರಿಯಿರುವ ಯಳಂದೂರು ಮತ್ತು ಕೊಳ್ಳೇಗಾಲ ಕಡೆಯ ಗ್ರಾಮಗಳಲ್ಲಿ ನಾಟಿಯ ಕಾಲಕ್ಕೆ ಗದ್ದೆಯಿಂದ ಹೊರಬರುವ ಟ್ರ್ಯಾಕ್ಟರುಗಳು ರಸ್ತೆಯ ಮೇಲೆ ಕೆಸರು ಸುರಿಯುತ್ತವೆ. ಆ ಜೇಡಿಯು ರಿಮ್ಮಿನ ಒಳಬದಿಗೆ ಮೆತ್ತಿಕೊಂಡು ರಾತ್ರಿ ಒಣಗಿದರೆ ಮರುದಿನ ಬೆಳಿಗ್ಗೆ ಕಾರು ಇದ್ದಕ್ಕಿದ್ದಂತೆ ನಡುಗುತ್ತದೆ. ಒಂದು ಬಕೆಟ್ ನೀರು ಮತ್ತು ಕಡ್ಡಿಯಿಂದ ಇದು ಸರಿಹೋಗುತ್ತದೆ. ಇದೇ ರೀತಿ ಕಾರನ್ನು ಒಂದೇ ಕಡೆ ವಾರಗಟ್ಟಲೆ ನಿಲ್ಲಿಸಿದ್ದಲ್ಲಿ ನೆಲಕ್ಕೆ ಒತ್ತಿದ ಟೈರಿನ ಭಾಗ ಚಪ್ಪಟೆಯಾಗಿ ಮೊದಲ ಕೆಲವು ಕಿಲೋಮೀಟರ್ ನಡುಕವಿರುತ್ತದೆ. ಟೈರು ಬಿಸಿಯಾದಂತೆ ಅದು ತಾನಾಗಿಯೇ ಹೋಗುವುದು ವಾಡಿಕೆ.

ಕಡಿಮೆ ವೇಗದಲ್ಲಿ, ಅಂದರೆ ಗಂಟೆಗೆ 20-40 ಕಿ.ಮೀ.ಯಲ್ಲಿಯೇ ಕಾರು ಒಲಾಡಿದಂತೆ ಅನಿಸಿದರೆ ಅದು ಬ್ಯಾಲೆನ್ಸಿಂಗಿನ ವಿಷಯವಲ್ಲ. ಗುಂಡಿಗೆ ಬಿದ್ದು ರಿಮ್ಮು ಬಾಗಿರಬಹುದು, ಇಲ್ಲವೇ ಟೈರಿನ ಒಳಪದರ ಬಿಟ್ಟುಕೊಂಡು ಮೈ ಉಬ್ಬಿರಬಹುದು. ಉಬ್ಬಿದ ಟೈರು ಯಾವ ಕ್ಷಣದಲ್ಲಾದರೂ ಒಡೆಯಬಹುದಾದ್ದರಿಂದ ಅದನ್ನು ಕೂಡಲೇ ಕಳಚಿ ಸ್ಟೆಪ್ನಿ ಹಾಕಿಕೊಳ್ಳತಕ್ಕದ್ದು. ಉಬ್ಬು ಟೈರಿನ ಒಳಮೈಯಲ್ಲಿ, ಅಂದರೆ ಕಾರಿನ ಅಡಿಯ ಕಡೆಗೆ, ಇರುವುದೂ ಉಂಟು. ಹೊರಗಿನಿಂದ ನೋಡಿ ಸಮಾಧಾನಪಡಬಾರದು.

ಸಡಿಲ ವೀಲ್ ನಟ್‌ಗಳು

ಪಂಕ್ಚರ್ ಹಾಕಿಸಿದ ಅಥವಾ ಟೈರು ಬದಲಿಸಿದ ನಂತರದ ದಿನಗಳಲ್ಲಿ ಒಂದು ಚಕ್ರದ ಕಡೆಯಿಂದ ಟಕ್ ಟಕ್ ಎಂಬ ಬಡಿತ ಆರಂಭವಾಗಿ, ಅದು ಗಂಟೆಗಂಟೆಗೆ ಹೆಚ್ಚುತ್ತಾ, ಸ್ಟೀರಿಂಗ್ ಅಥವಾ ಕಾರಿನ ಹಿಂಭಾಗ ಅಲುಗಿದಂತೆ ಅನಿಸಿದರೆ, ಮತ್ತೊಂದು ಕಿಲೋಮೀಟರ್ ಕೂಡ ಚಲಾಯಿಸದೆ ರಸ್ತೆಯ ಬದಿಗೆ ನಿಲ್ಲಿಸತಕ್ಕದ್ದು. ಈ ಪುಟದಲ್ಲಿ ಹೇಳಿರುವ ದೋಷಗಳಲ್ಲಿ ಚಕ್ರವೇ ಕಳಚಿಹೋಗುವ ಅಪಾಯ ಅತಿ ಹತ್ತಿರದಲ್ಲಿರುವುದು ಇದರಲ್ಲಿಯೇ. ಪರಿಹಾರವೂ ಅತಿ ಸುಲಭ: ನಟ್‌ಗಳನ್ನು ಒಂದರ ಪಕ್ಕದಲ್ಲಿರುವ ಇನ್ನೊಂದನ್ನಲ್ಲದೆ ಎದುರುಬದುರಾಗಿ ಬಿಗಿಯುವುದು. ವೀಲ್ ಸ್ಪ್ಯಾನರಿನ ಮೇಲೆ ನಿಂತು ಕುಣಿದು ಬಿಗಿಯುವ ಅಭ್ಯಾಸವೂ ತಪ್ಪು. ಬೋಲ್ಟ್ ಹಿಗ್ಗಿ ಮುಂದೊಮ್ಮೆ ತುಂಡಾಗಬಹುದು. ಚಕ್ರ ಕಳಚಿ ಹಾಕಿದ ಪ್ರತಿ ಸಲವೂ 50ರಿಂದ 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ನಟ್‌ಗಳನ್ನು ಪರೀಕ್ಷಿಸಿಕೊಳ್ಳುವುದು. ಸಡಿಲ ನಟ್‌ಗಳೊಂದಿಗೆ ಬಹುದೂರ ಓಡಿದ್ದಲ್ಲಿ ರಿಮ್ಮಿನ ರಂಧ್ರಗಳು ಅಗಲವಾಗಿರುತ್ತವೆ, ಅಂತಹ ರಿಮ್ಮನ್ನು ಮತ್ತೆ ಬಳಸಬಾರದು.

ಬ್ರೇಕ್ ಒತ್ತಿದಾಗ ಬರುವ ಸದ್ದು ಮತ್ತು ಕಂಪನ

ಬ್ರೇಕ್ ಒತ್ತಿದಾಗ ಮಾತ್ರ ಕೀರಲು ಸದ್ದು ಬಂದರೆ ಪ್ಯಾಡ್ ಸವೆದಿರುವ ಸೂಚನೆಯಾಗಿರಬಹುದು. ಕೆಲವು ಪ್ಯಾಡ್‌ಗಳಲ್ಲಿ ಇದನ್ನು ತಿಳಿಸಲೆಂದೇ ಒಂದು ತೆಳು ಲೋಹದ ಪಟ್ಟಿಯನ್ನು ಅಳವಡಿಸಿರುತ್ತಾರೆ. ಕೀರಲು ನಿಂತು ಗರಗಸದಂತಹ ಸದ್ದು ಆರಂಭವಾದರೆ ಸದ್ದು ಕಡಿಮೆಯಾಯಿತೆಂದು ಸಂತೋಷಪಡುವಂತಿಲ್ಲ, ಪ್ಯಾಡ್ ಪೂರ್ಣ ಸವೆದು ಲೋಹವು ಡಿಸ್ಕನ್ನು ಕೆರೆಯುತ್ತಿದೆ ಎಂದರ್ಥ. ಬ್ರೇಕ್ ಒತ್ತದಿದ್ದಾಗಲೂ ಇಂತಹ ಕೆರೆತವಿದ್ದರೆ, ಡಿಸ್ಕ್ ಮತ್ತು ಅದರ ಹಿಂದಿನ ತಗಡಿನ ನಡುವೆ ಜಲ್ಲಿಯ ಚೂರು ಸಿಲುಕಿದೆಯೇ ಎಂದು ಮೊದಲು ನೋಡಬೇಕು. ಕಲ್ಲು ಸಾಗಿಸುವ ಟಿಪ್ಪರ್‌ಗಳು ಓಡಾಡುವ ರಸ್ತೆಗಳಲ್ಲಿ ಇದು ಸಾಮಾನ್ಯ.

ಬ್ರೇಕ್ ಒತ್ತಿದಾಗ ಪೆಡಲ್ ಮತ್ತು ಸ್ಟೀರಿಂಗ್ ಮಿಡಿಯುವುದಾದರೆ ಡಿಸ್ಕ್ ಎಲ್ಲೆಡೆ ಒಂದೇ ದಪ್ಪ ಉಳಿದಿಲ್ಲ. ಮಹದೇಶ್ವರ ಬೆಟ್ಟದಿಂದ ತಾಳುಬೆಟ್ಟದವರೆಗೆ ಮೇಲಿನ ಗೇರಿನಲ್ಲಿ, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯುವ ವಾಹನಗಳಲ್ಲಿ ಡಿಸ್ಕ್ ಮತ್ತು ಡ್ರಮ್‌ಗಳು ವಿಪರೀತ ಕಾಯುತ್ತವೆ. ಏರಲು ಯಾವ ಗೇರ್ ಬೇಕಾಯಿತೋ ಅದೇ ಗೇರಿನಲ್ಲಿ ಇಳಿಯಬೇಕೆಂಬುದು ಘಟ್ಟದ ಚಾಲಕರ ಹಳೆಯ ರೂಢಿ, ಅದು ಸರಿಯಾದುದೇ. ಕೆಳಗಿಳಿದ ಕೂಡಲೇ ಕಾದ ಚಕ್ರಗಳ ಮೇಲೆ ನೀರು ಎರಚುವುದನ್ನು ಮಾತ್ರ ಬಿಡಬೇಕು. ಕೆಂಪಗೆ ಕಾದ ತವೆಯ ಮೇಲೆ ನೀರು ಹಾಕಿದರೆ ಆಗುವುದೇ ಡಿಸ್ಕಿಗೂ ಆಗುತ್ತದೆ, ಮತ್ತು ಮರುದಿನದಿಂದ ಪೆಡಲ್ ಮಿಡಿಯಲಾರಂಭಿಸುತ್ತದೆ.

ಒಂದು ಚಕ್ರ ಮಾತ್ರ ಹೆಚ್ಚು ಬಿಸಿಯಾಗುತ್ತಿದೆಯೇ ಎಂದು ತಿಳಿಯಲು, ಸಮತಟ್ಟು ರಸ್ತೆಯಲ್ಲಿ ಆದಷ್ಟು ಕಡಿಮೆ ಬ್ರೇಕ್ ಬಳಸಿ ಸುಮಾರು 10 ಕಿ.ಮೀ. ಓಡಿಸಿ ನಿಲ್ಲಿಸಿ, ಪ್ರತಿ ಚಕ್ರದ ನಡುಭಾಗದ ಹತ್ತಿರಕ್ಕೆ ಅಂಗೈಯ ಹಿಂಬದಿಯನ್ನು ತಾಗಿಸದೆ ಹಿಡಿದು ನೋಡುವುದು. ಉಳಿದ ಮೂರಕ್ಕಿಂತ ಒಂದು ಚಕ್ರ ಸ್ಪಷ್ಟವಾಗಿ ಬಿಸಿಯಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ ಅಥವಾ ಬೇರಿಂಗ್ ಕೆಟ್ಟಿದೆ.

ಒಕ್ಕಣೆಯ ಕಾಲದ ವಿಶೇಷ ಎಚ್ಚರಿಕೆ

ಸುಗ್ಗಿಯ ತಿಂಗಳುಗಳಲ್ಲಿ ರಸ್ತೆಯ ಮೇಲೆ ಹುರುಳಿ, ರಾಗಿ ಮುಂತಾದ ಫಸಲನ್ನು ಹರಡಿ ಓಡಾಡುವ ವಾಹನಗಳಿಂದ ಒಕ್ಕಣೆ ಮಾಡಿಸುವ ಪದ್ಧತಿ ಈ ಜಿಲ್ಲೆಯಲ್ಲಿ ಕಂಡುಬರುತ್ತದೆ. ಒಕ್ಕಣೆ ಕಣಗಳ ಕೊರತೆ ಇದಕ್ಕೆ ಕಾರಣವಿರಬಹುದಾದರೂ ಪರಿಣಾಮ ಮಾತ್ರ ಗಂಭೀರ. ಹುರುಳಿಯ ಉದ್ದನೆಯ ಒಣ ಬಳ್ಳಿಯು ಮುಂದಿನ ಚಕ್ರಗಳ ಡ್ರೈವ್ ಶಾಫ್ಟ್‌ಗೆ ಹಗ್ಗದಂತೆ ಸುತ್ತಿಕೊಳ್ಳುತ್ತದೆ. ಮೊದಲಿಗೆ ಸರಸರ ಎಂಬ ಉಜ್ಜುವ ಸದ್ದು ಕೇಳಿಸುತ್ತದೆ. ನಂತರ ಸುತ್ತು ದಪ್ಪವಾದಂತೆ ಬಡಿತ ಮತ್ತು ಸುಟ್ಟ ವಾಸನೆ ಬರುತ್ತದೆ. ಉಜ್ಜುವಿಕೆಯ ಶಾಖದಿಂದ ಅಥವಾ ಬಿಸಿ ಸೈಲೆನ್ಸರ್ ಕೊಳವೆ ತಾಗಿ ಒಣಹುಲ್ಲು ಹೊತ್ತಿಕೊಂಡು ಚಲಿಸುತ್ತಿದ್ದ ಕಾರುಗಳೇ ಸುಟ್ಟುಹೋದ ಪ್ರಕರಣಗಳು ಸಂಭವಿಸಿವೆ.

ಆದ್ದರಿಂದ ಸಾಧ್ಯವಿದ್ದಲ್ಲಿ ಫಸಲು ಹರಡದ ಭಾಗದಲ್ಲಿ ನಿಧಾನವಾಗಿ ದಾಟುವುದು. ದಾಟಲೇಬೇಕಾಗಿ ಬಂದಲ್ಲಿ ಹುಲ್ಲಿನ ಮೇಲೆ ವಾಹನವನ್ನು ನಿಲ್ಲಿಸದೆ ಮುಂದೆ ಬಂದು, ಹುಲ್ಲಿಲ್ಲದ ಜಾಗದಲ್ಲಿ ಎಂಜಿನ್ ಆರಿಸಿ ಚಕ್ರಗಳ ಒಳಬದಿಯನ್ನು ನೋಡುವುದು. ಸುತ್ತಿಕೊಂಡ ಬಳ್ಳಿಯನ್ನು ಆ ಭಾಗ ತಣ್ಣಗಾದ ನಂತರ ಕತ್ತರಿಸಿ ತೆಗೆಯಬೇಕು. ಎಳೆದು ಕೀಳಲು ಹೋದರೆ ಶಾಫ್ಟಿನ ರಬ್ಬರ್ ಬೂಟ್ ಹರಿಯುತ್ತದೆ, ಬ್ರೇಕಿನ ಹೋಸ್ ಮತ್ತು ಎ.ಬಿ.ಎಸ್. ವೈರು ತುಂಡಾಗುವುದೂ ಉಂಟು. ಹೊಗೆ ಕಂಡುಬಂದಲ್ಲಿ ಮೊದಲು ಎಲ್ಲರನ್ನೂ ಕೆಳಗಿಳಿಸಿ ದೂರ ಕಳುಹಿಸತಕ್ಕದ್ದು. ಸಾಮಾನು ಸರಂಜಾಮು ನಂತರದ ಮಾತು.

ತಿರುವಿನ ಕಟಕಟ ಮತ್ತು ಹಂಪ್‌ಗಳ ಬಡಿತ

ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ನಿಧಾನವಾಗಿ ಚಲಿಸುವಾಗ ಕಟಕಟ ಎಂದರೆ ಡ್ರೈವ್ ಶಾಫ್ಟಿನ ಹೊರತುದಿಯ ಜಾಯಿಂಟ್ ಸವೆದಿದೆ. ಚಕ್ರದ ಒಳಬದಿಗೆ ಕಪ್ಪು ಗ್ರೀಸ್ ಸಿಡಿದಿದ್ದರೆ ರಬ್ಬರ್ ಬೂಟ್ ಹರಿದಿದೆ. ಸದ್ದು ಬರುವ ಮುನ್ನವೇ ಬೂಟ್ ಮಾತ್ರ ಬದಲಿಸಿದಲ್ಲಿ ಜಾಯಿಂಟ್ ಉಳಿಯುತ್ತದೆ, ವೆಚ್ಚವೂ ಬಹಳ ಕಡಿಮೆ. ಹಂಪ್ ಅಥವಾ ಗುಂಡಿ ದಾಟಿದಾಗ ಮಾತ್ರ ಬರುವ ಬಡಿತ ಸಾಮಾನ್ಯವಾಗಿ ಚಕ್ರದ್ದಲ್ಲ. ಸಸ್ಪೆನ್ಷನ್ ಲಿಂಕ್, ಬುಷ್ ಅಥವಾ ಶಾಕ್ ಅಬ್ಸಾರ್ಬರಿನದು.

ಟೈರುಗಳ ಸ್ಥಿತಿ

ಕೇಂದ್ರ ಮೋಟಾರು ವಾಹನಗಳ ನಿಯಮಾವಳಿ, 1989ರ ನಿಯಮ 94ರನ್ವಯ ಕಾರಿನ ಟೈರಿನ ಕಟ್ಟುಗಳ ಆಳವು 1.6 ಮಿ.ಮೀ.ಗಿಂತ ಕಡಿಮೆಯಿರಬಾರದು. ಟೈರಿನ ಪಕ್ಕದಲ್ಲಿ ಟಿ.ಡಬ್ಲ್ಯು.ಐ. ಎಂಬ ಗುರುತಿರುವ ನೇರದಲ್ಲಿ, ಕಟ್ಟುಗಳ ನಡುವಿನ ಕಾಲುವೆಯೊಳಗೆ ಸಣ್ಣ ದಿಬ್ಬವೊಂದು ಇರುತ್ತದೆ. ಟೈರಿನ ಮೇಲ್ಮೈ ಸವೆದು ಆ ದಿಬ್ಬದ ಸಮಕ್ಕೆ ಬಂದರೆ ಟೈರಿನ ಆಯುಷ್ಯ ಮುಗಿದಿದೆ. ತಯಾರಿಕೆಯ ದಿನವನ್ನು ನಾಲ್ಕು ಅಂಕಿಗಳಲ್ಲಿ ಅಚ್ಚೊತ್ತಿರುತ್ತಾರೆ: 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರ.

ಸವೆತದ ರೀತಿಯೂ ಸದ್ದಿನ ಕಾರಣವನ್ನು ತಿಳಿಸುತ್ತದೆ. ಒಂದು ಅಂಚು ಮಾತ್ರ ಸವೆದಿದ್ದರೆ ವೀಲ್ ಅಲೈನ್‌ಮೆಂಟ್ ತಪ್ಪಿದೆ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ, ನಡುಭಾಗ ಸವೆದಿದ್ದರೆ ಗಾಳಿ ಹೆಚ್ಚು. ಕೈಯಾಡಿಸಿದಾಗ ಅಲ್ಲಲ್ಲಿ ತಗ್ಗು ದಿಣ್ಣೆ ಸಿಕ್ಕಿದರೆ ಶಾಕ್ ಅಬ್ಸಾರ್ಬರ್ ಬಲಗುಂದಿರುವ ಸಾಧ್ಯತೆಯಿದ್ದು, ಇಂತಹ ಟೈರು ಬೇರಿಂಗಿನಂತೆಯೇ ಗುಂಯ್‌ಗುಡುತ್ತದೆ. ಕಾರಣ ಸರಿಪಡಿಸದೆ ಟೈರು ಮಾತ್ರ ಬದಲಿಸಿದಲ್ಲಿ ಹೊಸ ಟೈರೂ ಹಾಗೆಯೇ ಸವೆಯುತ್ತದೆ.

ಪ್ರಯಾಣ ಮುಂದುವರಿಸಬಹುದೇ?

ಟೈರಿನ ಸಾಮಾನ್ಯ ಸದ್ದು, ತೂಕದ ಅಸಮತೋಲನ, ಆರಂಭದ ಹಂತದ ಕಟಕಟ ಇವುಗಳಿದ್ದಲ್ಲಿ ಕಡಿಮೆ ವೇಗದಲ್ಲಿ ಊರು ತಲುಪಿ ದುರಸ್ತಿ ಮಾಡಿಸಬಹುದು. ಅಲುಗಾಟವಿಲ್ಲದೆ ಗುಂಯ್‌ಗುಟ್ಟುತ್ತಿರುವ ಬೇರಿಂಗನ್ನು ಸಮೀಪದ ಗ್ಯಾರೇಜಿನವರೆಗೆ ಮಾತ್ರ ಒಯ್ಯಬಹುದು. ಸಡಿಲ ನಟ್, ಉಬ್ಬಿದ ಟೈರು, ಅಲುಗಾಡುವ ಚಕ್ರ, ಲೋಹ ಕೆರೆಯುವ ಬ್ರೇಕ್ ಮತ್ತು ಸುಟ್ಟ ವಾಸನೆ ಇದ್ದಲ್ಲಿ ವಾಹನ ನಿಂತಲ್ಲಿಯೇ ನಿಲ್ಲತಕ್ಕದ್ದು. ಅರಣ್ಯದ ರಸ್ತೆಯಲ್ಲಿ ಇಳಿದು ಚಕ್ರ ನೋಡುತ್ತಾ ಕೂರುವಂತಿಲ್ಲವಾದ್ದರಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವವರು ಗುಂಬಳ್ಳಿಗೆ ಮುನ್ನವೂ, ಮಹದೇಶ್ವರ ಬೆಟ್ಟಕ್ಕೆ ಹೋಗುವವರು ಹನೂರಿನಲ್ಲಿಯೂ ಈ ಪರಿಶೀಲನೆ ಮುಗಿಸಿಕೊಳ್ಳುವುದು ಸೂಕ್ತ.

ಅರ್ಜಿ ಮತ್ತು ತಪಾಸಣೆ

ಸ್ವಂತ ಉಪಯೋಗದ ಕಾರಿನ ನೋಂದಣಿಯು 15 ವರ್ಷಗಳವರೆಗೆ ಸಿಂಧುವಾಗಿದ್ದು, ನಂತರ ಒಮ್ಮೆಗೆ ಐದು ವರ್ಷಗಳಿಗೆ ನವೀಕರಿಸಲಾಗುತ್ತದೆ. ನವೀಕರಣದ ಅರ್ಜಿಯನ್ನು ನಮೂನೆ 25ರಲ್ಲಿ, ಅವಧಿ ಮುಗಿಯುವ ದಿನಾಂಕಕ್ಕೆ 60 ದಿನಗಳ ಒಳಗಿನ ಅವಧಿಯಲ್ಲಿ ಸಲ್ಲಿಸಬಹುದು. ಹಳದಿ ಫಲಕದ ಟ್ಯಾಕ್ಸಿ ಮುಂತಾದ ಸಾರಿಗೆ ವಾಹನಗಳಿಗೆ ಕಾಯ್ದೆಯ ಪ್ರಕರಣ 56ರ ಮೇರೆಗೆ ಅರ್ಹತಾ ಪತ್ರ ಕಡ್ಡಾಯ. ಎಂಟು ವರ್ಷಗಳವರೆಗಿನ ವಾಹನಕ್ಕೆ ಎರಡು ವರ್ಷ, ಅದಕ್ಕಿಂತ ಹಳೆಯದಕ್ಕೆ ಒಂದು ವರ್ಷದ ಅವಧಿಗೆ ಇದನ್ನು ನವೀಕರಿಸಲಾಗುತ್ತದೆ. ಹಿಂದೆ ಕೊಳ್ಳೇಗಾಲ ತಾಲ್ಲೂಕಿನ ಭಾಗವಾಗಿದ್ದ ಹನೂರಿನ ಮಾಲೀಕರ ನೋಂದಣಿ ಪತ್ರದಲ್ಲಿ ಹಳೆಯ ತಾಲ್ಲೂಕಿನ ಹೆಸರೇ ಇರಬಹುದು. ವಿಳಾಸದ ದಾಖಲೆಯೊಂದಿಗೆ ಹೋಲಿಸಿ ನೋಡಿಕೊಂಡು ಬರುವುದು.

ತಪಾಸಣೆಗೆ ಬರುವಾಗ ನೋಂದಣಿ ಪತ್ರ, ಚಾಲ್ತಿಯಲ್ಲಿರುವ ವಿಮೆ ಮತ್ತು ವಾಯುಮಾಲಿನ್ಯ ನಿಯಂತ್ರಣ ಪ್ರಮಾಣಪತ್ರಗಳ ಜೊತೆಗೆ ಗಾಳಿ ತುಂಬಿದ ಸ್ಟೆಪ್ನಿ, ಜ್ಯಾಕ್ ಮತ್ತು ವೀಲ್ ಸ್ಪ್ಯಾನರ್ ವಾಹನದಲ್ಲಿರಲಿ. ಚಕ್ರಗಳ ಮೇಲಿನ ಕೆಸರನ್ನು ತೊಳೆದಿರಬೇಕು.

ಅರ್ಹತಾ ಪತ್ರವನ್ನು ನಿರಾಕರಿಸಿದಲ್ಲಿ ಅದರ ಕಾರಣಗಳನ್ನು ಮಾಲೀಕರಿಗೆ ಲಿಖಿತವಾಗಿ ನೀಡಬೇಕೆಂದು ಪ್ರಕರಣ 56 ವಿಧಿಸುತ್ತದೆ. ಇದು ಅರ್ಜಿದಾರರ ಹಕ್ಕಾಗಿದ್ದು, ಕೇಳಿ ಪಡೆಯಲು ಸಂಕೋಚಪಡಬೇಕಾಗಿಲ್ಲ. ಯಾವ ಚಕ್ರ, ಯಾವ ದೋಷ ಎಂಬುದು ಅದರಲ್ಲಿ ಸ್ಪಷ್ಟವಾಗಿದೆಯೇ ಎಂದು ಕಚೇರಿಯಲ್ಲಿಯೇ ಓದಿ ನೋಡಿಕೊಂಡು, ಆ ಕಾಗದವನ್ನೇ ಗ್ಯಾರೇಜಿಗೆ ಒಯ್ದಲ್ಲಿ ಬೇಡದ ಭಾಗವನ್ನು ಬದಲಿಸುವ ವೆಚ್ಚ ತಪ್ಪುತ್ತದೆ. ದುರಸ್ತಿಯ ನಂತರ ಮರುತಪಾಸಣೆಗೆ ಬರುವಾಗ ಅದೇ ಕಾಗದವನ್ನು ಹಾಗೂ ಬದಲಿಸಿದ ಭಾಗಗಳ ಬಿಲ್ಲನ್ನು ಜೊತೆಗೆ ತರುವುದು.